ಆಟಿಸಂ ಮಕ್ಕಳಿಗೆ ಬೇಕಾದದ್ದು ನಿಲ್ಲದ ನೆರವು
(ವೈದ್ಯಕೀಯ ನೆರವು ನಿಧಿಯ ಸಭೆಯಲ್ಲಿ ಮಾಡಿದ ಭಾಷಣ)

ನಾನು ಮುಂಬಯಿಯಲ್ಲಿ ಆಟಿಸಂ ಇರುವ ಮಕ್ಕಳಿಗೆ ವರ್ತನಾ ಚಿಕಿತ್ಸೆ ಕೊಡುವವಳು. ತಾಯಿ ಸರಿಯಾಗಿ ಸಾಕದ್ದರಿಂದ ಆಟಿಸಂ ಬರುವುದಿಲ್ಲ; ಈ ಮಕ್ಕಳ ಮೆದುಳು ಬೆಳೆಯುವ ರೀತಿಯೇ ಬೇರೆ. ಅದನ್ನು ಹೋಗಲಾಡಿಸುವ ಮಾತ್ರೆಯಿಲ್ಲ, ಕಲಿಸುವ ದಾರಿಯಿದೆ.

ಹಲ್ಲುಜ್ಜುವುದನ್ನೇ ನೋಡಿ. ಬ್ರಷ್ ಹಿಡಿಯುವುದು, ಪೇಸ್ಟ್ ಹಾಕುವುದು, ಉಜ್ಜುವುದು, ಬಾಯಿ ಮುಕ್ಕಳಿಸುವುದು, ಹೀಗೆ ಒಂದೊಂದನ್ನೇ ಕಲಿಸುತ್ತೇವೆ. ಮಾಡಿದ ಕೂಡಲೇ ಮೆಚ್ಚುಗೆ, ಇಷ್ಟದ ಆಟಿಕೆ. ಕಿರುಚುವ ಮಗುವಿಗೆ ಗದರಿಕೆ ಮದ್ದಲ್ಲ. ನೀರು ಬೇಕಿತ್ತೇ? ಮಿಕ್ಸಿಯ ಸದ್ದು ತಡೆಯಲಾಗಲಿಲ್ಲವೇ? ಕಾರಣ ತಿಳಿದು, ಚಿತ್ರ ತೋರಿಸಿಯಾದರೂ ಕೇಳುವುದನ್ನು ಕಲಿಸುತ್ತೇವೆ.

'ಮನೆಯಲ್ಲಿ ಕನ್ನಡ ಬಿಡಿ' ಎಂಬ ಸಲಹೆ ಕೆಲವರಿಗೆ ಸಿಕ್ಕಿದೆ. ಎರಡು ಭಾಷೆ ಕೇಳಿದರೆ ಆಟಿಸಂ ಹೆಚ್ಚುವುದಿಲ್ಲ. ಅಜ್ಜಿಯ ಮಾತು ಮಗುವಿಗೆ ಉಳಿಯಲಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. 'ನಿರಾಮಯ' ವಿಮೆಯಿಂದ 1 ಲಕ್ಷ ರೂಪಾಯಿವರೆಗೆ ನೆರವುಂಟು. ಆದರೆ ಪ್ರಮಾಣಪತ್ರಕ್ಕೆ ಓಡಾಡಲು ಜೊತೆಗೊಬ್ಬರು ಬೇಕು.

ಇದು ವರ್ಷಗಟ್ಟಲೆ ನಡೆಯುವ ಚಿಕಿತ್ಸೆ. ಶುಲ್ಕ ಕಟ್ಟಲಾಗದೆ ನಡುವೆ ನಿಂತರೆ ಕಲಿತದ್ದೂ ಕೈಜಾರಬಹುದು. ಒಮ್ಮೆ ಕೊಡುವ ದೊಡ್ಡ ಮೊತ್ತಕ್ಕಿಂತ ತಿಂಗಳು ತಪ್ಪದ ಸಣ್ಣ ಮೊತ್ತ ಈ ಮಕ್ಕಳಿಗೆ ಹೆಚ್ಚು ಆಸರೆ. ತಂದೆತಾಯಿಯ ತರಬೇತಿಗೂ ನಿಧಿಯಲ್ಲಿ ಪಾಲಿರಲಿ. ದಿನವಿಡೀ ಕಲಿಸುವವರು ಅವರೇ.

ಇನ್ನೊಂದು ಬೇಡಿಕೆ. ರಾಜ್ಯೋತ್ಸವಕ್ಕೆ ಈ ಕುಟುಂಬಗಳನ್ನೂ ಕರೆಯಿರಿ. ಧ್ವನಿವರ್ಧಕದ ಸದ್ದು ಕೊಂಚ ತಗ್ಗಿಸಿ. ಮಗು ನಡುವೆ ಎದ್ದು ಓಡಿದರೆ ಓಡಲಿ.