ಜ್ವರ ಬಿಟ್ಟ ಮೇಲೆ ಉಳಿಯುವ ದಣಿವು



ಜ್ವರ ಬಂದವರನ್ನು ನೋಡಲು ನಾವು ಹೋಗುತ್ತೇವೆ. ಹಣ್ಣು ಕೊಂಡೊಯ್ಯುತ್ತೇವೆ, ತಲೆಯ ಮೇಲೆ ಕೈಯಿಟ್ಟು ದುಆ ಮಾಡಿ ಬರುತ್ತೇವೆ. ರೋಗಿಯ ಸಂದರ್ಶನವು ಒಬ್ಬ ಮುಸ್ಲಿಮನ ಮೇಲೆ ಇನ್ನೊಬ್ಬ ಮುಸ್ಲಿಮನಿಗಿರುವ ಹಕ್ಕು ಎಂಬುದನ್ನು ಸಮುದಾಯ ಮರೆತಿಲ್ಲ. ಆದರೆ ಜ್ವರ ಇಳಿದು ಮೂರು ತಿಂಗಳಾದರೂ ನಾಲ್ಕು ಮೆಟ್ಟಿಲು ಹತ್ತಲಾಗದವರನ್ನು, ಓದಿದ ಸಾಲು ಮರುಕ್ಷಣವೇ ಮರೆತುಹೋಗುವವರನ್ನು, ಒಲೆಯ ಮೇಲೆ ಹಾಲಿಟ್ಟದ್ದೇ ನೆನಪಿಗೆ ಬಾರದವರನ್ನು ನೋಡಲು ಯಾರು ಹೋಗುತ್ತಾರೆ? ಅವರಿಗೆ ಸಿಗುವುದು ಹಣ್ಣಲ್ಲ, ಪ್ರಶ್ನೆ. ಜ್ವರವಿಲ್ಲ, ರಿಪೋರ್ಟ್ ಸರಿಯಿದೆ, ಮುಖದಲ್ಲಿ ಕಳೆಯಿದೆ, ಇನ್ನೆಂಥ ಸುಸ್ತು? ಈ ಪ್ರಶ್ನೆಯ ಕುರಿತು ಇಂದು ಕೆಲವು ಮಾತುಗಳನ್ನು ನಿಮ್ಮ ಮುಂದಿಡಬಯಸುತ್ತೇನೆ.

ಮೊದಲನೆಯದಾಗಿ, ಇದು ಸೋಮಾರಿತನವಲ್ಲ, ನಾಟಕವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2021ರ ಅಕ್ಟೋಬರ್‌ನಲ್ಲಿ ಕೋವಿಡ್ ನಂತರದ ಸ್ಥಿತಿಗೆ ಒಂದು ವ್ಯಾಖ್ಯೆ ನೀಡಿತು. ಸೋಂಕು ತಗಲಿ ಸಾಮಾನ್ಯವಾಗಿ ಮೂರು ತಿಂಗಳ ಹೊತ್ತಿಗೆ ಕಂಡುಬಂದು, ಕನಿಷ್ಠ ಎರಡು ತಿಂಗಳು ಉಳಿಯುವ, ಬೇರಾವ ಕಾಯಿಲೆಯಿಂದಲೂ ವಿವರಿಸಲಾಗದ ತೊಂದರೆಗಳು ಅದರ ವ್ಯಾಪ್ತಿಗೆ ಬರುತ್ತವೆ. ಅವುಗಳಲ್ಲಿ ಮುಖ್ಯವಾದವು ದಣಿವು, ಉಸಿರಾಟದ ಕಷ್ಟ ಮತ್ತು ಮಿದುಳಿಗೆ ಮಂಜು ಕವಿದಂತಾಗುವುದು. ಜಗತ್ತು ಇದನ್ನು ಲಾಂಗ್ ಕೋವಿಡ್ ಎಂದು ಕರೆಯಿತು. ಆದರೆ ಇಂತಹ ದಣಿವು ಕೋವಿಡ್‌ನೊಂದಿಗೆ ಹುಟ್ಟಿದ್ದಲ್ಲ. ಡೆಂಗಿಯ ನಂತರವೂ ಇದು ಕೆಲವರನ್ನು ಕಾಡುತ್ತದೆ. ಚಿಕುನ್‌ಗುನ್ಯವನ್ನಂತೂ ಕನ್ನಡ ನಾಡು ಚೆನ್ನಾಗಿ ಬಲ್ಲದು. 2006ರಲ್ಲಿ ದೇಶದಲ್ಲಿ ವರದಿಯಾದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳ ಪೈಕಿ ಅರ್ಧಕ್ಕೂ ಹೆಚ್ಚು ಕರ್ನಾಟಕದವು. ಜ್ವರ ವಾರದೊಳಗೆ ಹೋದರೂ ಗಂಟುನೋವು ಮತ್ತು ನಿಶ್ಶಕ್ತಿ ಎಷ್ಟೋ ಮನೆಗಳಲ್ಲಿ ತಿಂಗಳುಗಟ್ಟಲೆ ಉಳಿಯಿತು.

ಈ ದಣಿವಿಗೆ ಒಂದು ವಿಚಿತ್ರ ಗುಣವಿದೆ. ಸಾಮಾನ್ಯ ಆಯಾಸವು ಒಂದು ರಾತ್ರಿಯ ನಿದ್ದೆಯಿಂದ ಹೋಗುತ್ತದೆ. ಇದು ಹಾಗಲ್ಲ. ಇಂದು ಸ್ವಲ್ಪ ಚೇತರಿಸಿದಂತೆನಿಸಿ ಮನೆಯೆಲ್ಲ ಗುಡಿಸಿ, ಬಟ್ಟೆ ಒಗೆದು, ನೆಂಟರ ಮದುವೆಗೂ ಹೋಗಿ ಬಂದರೆ, ಅದರ ಬೆಲೆಯನ್ನು ನಾಳೆ ಅಥವಾ ನಾಡಿದ್ದು ತೆರಬೇಕಾಗುತ್ತದೆ, ದಿನಗಟ್ಟಲೆ ಮಲಗಬೇಕಾಗುತ್ತದೆ. ದೇಹದ ದುಡಿಮೆಯಷ್ಟೇ ಅಲ್ಲ, ಲೆಕ್ಕ ಬರೆಯುವುದು, ದೀರ್ಘ ಮಾತುಕತೆ, ಜಗಳ ಕೂಡಾ ಈ ಹಿನ್ನಡೆಗೆ ಕಾರಣವಾಗಬಲ್ಲವು. ನೋಡುವವರಿಗೆ ಕಾಣಿಸುವುದು ಮದುವೆಮನೆಯ ನಗುಮುಖ ಮಾತ್ರ. ಅನಂತರದ ಮೂರು ದಿನಗಳ ಹಾಸಿಗೆ ಯಾರಿಗೂ ಕಾಣಿಸುವುದಿಲ್ಲ. ಅಪನಂಬಿಕೆ ಹುಟ್ಟುವುದು ಇಲ್ಲಿಯೇ.

ದೇಹವನ್ನು ದಂಡಿಸಿದರೆ ಶಕ್ತಿ ಮರಳುತ್ತದೆಂಬ ನಂಬಿಕೆ ವೈದ್ಯಲೋಕದಲ್ಲೂ ಇತ್ತು. ಬ್ರಿಟನ್‌ನ ನೈಸ್ ಸಂಸ್ಥೆಯು ದೀರ್ಘಕಾಲದ ದಣಿವಿನ ರೋಗಕ್ಕೆ ವ್ಯಾಯಾಮವನ್ನು ಹಂತಹಂತವಾಗಿ ಹೆಚ್ಚಿಸುವ ಚಿಕಿತ್ಸೆಯನ್ನು 2007ರಲ್ಲಿ ಶಿಫಾರಸು ಮಾಡಿತ್ತು. 2021ರಲ್ಲಿ ಅದೇ ಸಂಸ್ಥೆ ಆ ಶಿಫಾರಸನ್ನು ಹಿಂತೆಗೆದುಕೊಂಡಿತು. ರೋಗಿಗಳು ವರ್ಷಗಳಿಂದ ಹೇಳುತ್ತಿದ್ದುದನ್ನು ಕೊನೆಗೂ ಕೇಳಿಸಿಕೊಳ್ಳಲಾಯಿತು.

ಕೇಳಿಸಿಕೊಳ್ಳುವುದು! ಇದರ ಮಹತ್ವವನ್ನು ತಿಳಿಯಲು ಅಬೂದಾವೂದ್‌ನಲ್ಲಿ ವರದಿಯಾದ ಒಂದು ಘಟನೆಯನ್ನು ನೆನಪಿಸಿಕೊಳ್ಳೋಣ. ಪ್ರಯಾಣವೊಂದರಲ್ಲಿ ಒಬ್ಬರಿಗೆ ಕಲ್ಲು ತಗಲಿ ತಲೆಗೆ ಗಾಯವಾಯಿತು. ಅನಂತರ ಅವರಿಗೆ ಸ್ನಾನ ಕಡ್ಡಾಯವಾಯಿತು. ನನಗೆ ತಯಮ್ಮುಮ್‌ನ ರಿಯಾಯಿತಿ ಇದೆಯೇ ಎಂದು ಅವರು ಸಂಗಾತಿಗಳಲ್ಲಿ ಕೇಳಿದರು. ನೀರು ಇರುವಾಗ ರಿಯಾಯಿತಿ ಇಲ್ಲವೆಂದರು ಅವರು. ಗಾಯಾಳು ಸ್ನಾನ ಮಾಡಿದರು, ಮರಣ ಹೊಂದಿದರು. ವಿಷಯ ತಿಳಿದ ಪ್ರವಾದಿ(ಸ)ರು ತೀವ್ರವಾಗಿ ನೊಂದರು. ಆ ಸಾವಿನ ಹೊಣೆಯನ್ನು ತೀರ್ಪು ನೀಡಿದವರ ಮೇಲೆ ಹೊರಿಸಿದರು; ತಿಳಿಯದಿದ್ದರೆ ಕೇಳಬೇಕಿತ್ತು, ಅಜ್ಞಾನಕ್ಕೆ ಔಷಧಿ ಕೇಳಿ ತಿಳಿಯುವುದೇ ಎಂಬುದನ್ನು ಕಲಿಸಿದರು. ಆ ಸಂಗಾತಿಗಳು ದುರುದ್ದೇಶದವರಾಗಿರಲಿಲ್ಲ. ಆದರೆ ಇನ್ನೊಬ್ಬನ ದೇಹದ ಕುರಿತು, ತಿಳಿಯದೆಯೇ ತೀರ್ಪು ಕೊಟ್ಟುಬಿಟ್ಟರು.

ನಮ್ಮ ಮನೆಗಳಲ್ಲಿ ಇಂದು ಅಂತಹ ತೀರ್ಪುಗಳು ಕಡಿಮೆಯೇ? ಸೊಸೆಗೆ ಜ್ವರ ಬಂದರೆ ಮೂರು ದಿನದ ವಿಶ್ರಾಂತಿ, ನಾಲ್ಕನೆಯ ದಿನ ಅಡುಗೆಮನೆ. ಆಕೆ ಕುಳಿತರೆ ತವರಿಗೆ ದೂರು ಹೋಗುತ್ತದೆ. ಕರಾವಳಿಯಲ್ಲಿ ಮನೆಯಲ್ಲೇ ಬೀಡಿ ಕಟ್ಟಿ ಸಂಸಾರ ಸಾಗಿಸುವ ತಾಯಂದಿರನ್ನು ನೋಡಿ. ಅವರ ಮಜೂರಿ ಸಾವಿರ ಬೀಡಿಗೆ ಇಷ್ಟೆಂಬ ಲೆಕ್ಕದ್ದು. ಕೈ ನಿಂತರೆ ಸಂಪಾದನೆ ನಿಲ್ಲುತ್ತದೆ. ಕಾರ್ಮಿಕ ರಾಜ್ಯ ವಿಮೆಯ ವ್ಯಾಪ್ತಿಯಲ್ಲಿ ಬರುವ ಕಾರ್ಖಾನೆಯ ನೌಕರನಿಗೆ ನಿಯಮಾನುಸಾರ ವರ್ಷದಲ್ಲಿ 91 ದಿನಗಳವರೆಗೆ ಸಂಬಳದ ಶೇ. 70ರಷ್ಟು ಕಾಯಿಲೆ ಭತ್ಯೆ ದೊರೆಯುತ್ತದೆ. ದಿನಗೂಲಿಯವನಿಗೆ, ಮೀನು ಮಾರುವವನಿಗೆ, ಆಟೋ ಓಡಿಸುವವನಿಗೆ ಆ ಆಸರೆ ಎಲ್ಲಿದೆ? ವಿಶ್ರಾಂತಿಯು ಉಳ್ಳವರ ಸೊತ್ತಾಗಿರುವ ವ್ಯವಸ್ಥೆಯನ್ನು ಪ್ರಶ್ನಿಸುವುದು ಕೂಡಾ ರೋಗಿಯ ಸೇವೆಯೇ ಆಗಿದೆ.

ಇನ್ನೊಂದು ಮಾತು. 2020ರಲ್ಲಿ ವೈರಸ್‌ಗೆ ಧರ್ಮದ ಹಣೆಪಟ್ಟಿ ಹಚ್ಚಲಾಯಿತು. ವಿದೇಶಿ ತಬ್ಲೀಗ್ ಸದಸ್ಯರ ಮೇಲಿನ ಪ್ರಕರಣಗಳನ್ನು ಆ ವರ್ಷದ ಆಗಸ್ಟ್‌ನಲ್ಲಿ ರದ್ದುಪಡಿಸಿದ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು, ಅವರನ್ನು ಬಲಿಪಶುಗಳಾಗಿ ಆರಿಸಿಕೊಂಡಿರುವ ಸಾಧ್ಯತೆಯತ್ತ ಬೊಟ್ಟು ಮಾಡಿತು. ವಿಚಾರಿಸದೆ ನೀಡಿದ ತೀರ್ಪಿನ ನೋವನ್ನು ಉಂಡ ಸಮುದಾಯ ನಮ್ಮದು. ಅದೇ ಅನ್ಯಾಯವನ್ನು ನಮ್ಮ ಮನೆಯೊಳಗಿನ ರೋಗಿಗೆ ನಾವು ಮಾಡಬಾರದು.

ಹಾಗಾದರೆ ಮಾಡಬೇಕಾದದ್ದೇನು?

ಮೊದಲು ವೈದ್ಯರಲ್ಲಿಗೆ ಹೋಗಬೇಕು. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ವಿಟಮಿನ್ ಬಿ12ರ ಕೊರತೆ, ಕ್ಷಯ, ಖಿನ್ನತೆ ಇವೆಲ್ಲವೂ ದಣಿವನ್ನು ತರುತ್ತವೆ; ಇವುಗಳಿಗೆ ಚಿಕಿತ್ಸೆಯಿದೆ. ಎದೆನೋವು, ಏರುವ ಉಬ್ಬಸ, ಪ್ರಜ್ಞೆ ತಪ್ಪುವುದು, ದೇಹದ ಒಂದು ಭಾಗ ಬಲಹೀನವಾಗುವುದು ಕಂಡರೆ ಒಂದು ಗಳಿಗೆಯೂ ತಡಮಾಡಬಾರದು. ವೈರಸ್ಸಿನ ಮೇಲೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಶಕ್ತಿ ಬರಲೆಂದು ವಾರಕ್ಕೊಮ್ಮೆ ಗ್ಲೂಕೋಸ್ ಹಾಕಿಸಿಕೊಳ್ಳುವುದರಿಂದ ಹಗುರವಾಗುವುದು ಕಿಸೆ ಮಾತ್ರ. ಈ ದಣಿವನ್ನು ಒಂದೇ ಏಟಿಗೆ ಓಡಿಸುವ ಔಷಧಿಯಿದೆಯೆಂದು ಹೇಳುವವರನ್ನು ನಂಬಬೇಡಿ, ಅವರು ಬಿಳಿ ಕೋಟಿನವರಿರಲಿ, ತಾಯತದವರಿರಲಿ.

ಎರಡನೆಯದು, ಶಕ್ತಿಯ ಮಿತವ್ಯಯ. ಕಡಿಮೆ ಸಂಬಳದವನು ತಿಂಗಳ ಖರ್ಚನ್ನು ಹಂಚುವಂತೆ ದಿನದ ಶಕ್ತಿಯನ್ನು ಹಂಚಬೇಕು. ದಣಿದ ಮೇಲೆ ಅಲ್ಲ, ದಣಿಯುವ ಮುನ್ನವೇ ವಿಶ್ರಮಿಸಬೇಕು. ಚೆನ್ನಾಗಿದೆಯೆನಿಸಿದ ದಿನವೂ ಎಲ್ಲವನ್ನೂ ಮಾಡಿಬಿಡುವ ಆಸೆಗೆ ಬೀಳಬಾರದು. ತರಕಾರಿಯನ್ನು ಕುಳಿತೇ ಹೆಚ್ಚಬಹುದು. ಒಂದು ಸಲಕ್ಕೆ ಒಂದೇ ಕೆಲಸ ಸಾಕು. ಮರೆವಿಗೆ ನಾಚದೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ; ಮಾತ್ರೆಯ ಹೊತ್ತು, ಕೊಡಬೇಕಾದ ಹಣ, ಹಿಂದಿನ ದಿನ ಮಾಡಿದ ಕೆಲಸ, ಮರುದಿನದ ಸ್ಥಿತಿ ಎಲ್ಲವನ್ನೂ ಬರೆಯಿರಿ. ನಿಮ್ಮ ಮಿತಿ ಎಲ್ಲಿದೆಯೆಂದು ಆ ಪುಸ್ತಕವೇ ತಿಳಿಸುತ್ತದೆ. ಹೆಚ್ಚಿನವರು ತಿಂಗಳುಗಳಲ್ಲಿ ಚೇತರಿಸುತ್ತಾರೆ. ಕೆಲವರಿಗೆ ವರ್ಷಗಳು ಬೇಕಾಗುತ್ತವೆ. ಏರಿಳಿತ ಕಂಡು ನಿರಾಶರಾಗಬೇಡಿ.

ಮೂರನೆಯದು, ದೀನ್ ನೀಡಿದ ರಿಯಾಯಿತಿಯನ್ನು ಸಂಕೋಚವಿಲ್ಲದೆ ಸ್ವೀಕರಿಸುವುದು. ನಿಲ್ಲಲಾಗದವನು ಕುಳಿತು, ಕುಳಿತುಕೊಳ್ಳಲಾಗದವನು ಮಲಗಿ ನಮಾಝ್ ಮಾಡಬಹುದೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ರೋಗಿಯು ಉಪವಾಸವನ್ನು ಬೇರೆ ದಿನಗಳಿಗೆ ಮುಂದೂಡಬಹುದೆಂದು ಕುರ್‌ಆನ್ ಹೇಳಿದೆ. ವೈದ್ಯರನ್ನೂ ವಿದ್ವಾಂಸರನ್ನೂ ಕೇಳಿ ನಿರ್ಧರಿಸಿ. ಅಲ್ಲಾಹನು ಕೊಟ್ಟ ಸೌಲಭ್ಯವನ್ನು ಪಡೆಯುವವನ ಈಮಾನನ್ನು ತೂಗುವ ತಕ್ಕಡಿ ನಮ್ಮ ಕೈಯಲ್ಲಿಲ್ಲ. ಇಶಾ ನಮಾಝನ್ನು ತುಂಬಾ ದೀರ್ಘಗೊಳಿಸಿದ ಮುಆದ್(ರ)ರನ್ನು ಪ್ರವಾದಿ(ಸ)ರು ಎಚ್ಚರಿಸಿದ್ದು, ಹಿಂದೆ ನಿಂತವರಲ್ಲಿ ಬಲಹೀನರೂ ವೃದ್ಧರೂ ಇರುತ್ತಾರೆಂಬ ಕಾರಣಕ್ಕೆ. ನಮ್ಮ ಮಸೀದಿಗಳಿಗೆ ಇದರಲ್ಲಿ ಪಾಠವಿದೆ.

ಸಹನೆ ಎಂದರೆ ನೋವನ್ನು ಮುಚ್ಚಿಡುವುದೆಂಬ ತಪ್ಪು ಕಲ್ಪನೆ ನಮ್ಮಲ್ಲಿದೆ. ಸಹನೆಗೆ ಮಾದರಿಯೆಂದು ಹೆಸರಾದ ಪ್ರವಾದಿ ಅಯ್ಯೂಬ್(ಅ)ರು ತಮ್ಮ ಸಂಕಟವನ್ನು ಪ್ರಭುವಿನ ಮುಂದೆ ತೋಡಿಕೊಂಡರು. ನೆಲಕ್ಕೆ ಕಾಲು ಬಡಿಯಲು ಅವರಿಗೆ ಆಜ್ಞೆಯಾಯಿತು; ಸ್ನಾನಕ್ಕೂ ಕುಡಿಯಲಿಕ್ಕೂ ತಂಪು ನೀರು ದೊರೆಯಿತು. ಅಲ್ಲಿ ಸಹನೆಯಿತ್ತು, ಮೊರೆಯಿತ್ತು, ಚಿಕಿತ್ಸೆಯೂ ಇತ್ತು.

ಕೊನೆಯದಾಗಿ ಜಮಾಅತ್‌ಗಳಲ್ಲಿ ಒಂದು ವಿನಂತಿ. ಮೊಹಲ್ಲಾದಲ್ಲಿ ಇಂತಹವರು ಯಾರಿದ್ದಾರೆಂದು ವಿಚಾರಿಸಿ. ಎರಡು ಹೊತ್ತಿನ ಊಟ, ಮಕ್ಕಳನ್ನು ಶಾಲೆಗೆ ಬಿಡುವುದು, ಆಸ್ಪತ್ರೆಗೆ ಜೊತೆ ಹೋಗುವುದು, ಅರ್ಹರಿಗೆ ಝಕಾತ್ ನಿಧಿಯಿಂದ ಕೆಲವು ತಿಂಗಳ ರೇಷನ್ ಒದಗಿಸುವುದು ಇವು ದೊಡ್ಡ ಯೋಜನೆಗಳಲ್ಲ. ಅವರ ಬಳಿ ಹೋದಾಗ ಉಪದೇಶ ಬೇಡ. ನಿಮಗೆ ಏನಾಗುತ್ತಿದೆ, ನಾವೇನು ಮಾಡಲಿ ಎಂದು ಕೇಳಿ, ಹೇಳಿದ್ದನ್ನು ನಂಬಿ.

ರೋಗಿಗಳಿಗೆ ಅಲ್ಲಾಹನು ಸಂಪೂರ್ಣ ಗುಣವನ್ನು, ಆರೋಗ್ಯವಂತರಿಗೆ ಕೇಳುವ ಕಿವಿಯನ್ನು ದಯಪಾಲಿಸಲಿ. ಆಮೀನ್.