ಮರಳುಗಾಡಿನ ಇರುಳು ಯುದ್ಧ



ಸೂರ್ಯ ಮುಳುಗಿದೊಡನೆ ಯುದ್ಧ ನಿಲ್ಲಬೇಕೆಂಬ ಕಟ್ಟಳೆ ಭಾರತದ ಕಥೆಯನ್ನು ಬಲ್ಲವರಿಗೆಲ್ಲ ಪರಿಚಿತವಾದುದು. ಕತ್ತಲೆಯಲ್ಲಿ ತನ್ನವನು ಯಾರು, ಹಗೆ ಯಾರು ಎಂದು ತಿಳಿಯುವುದು ಕಷ್ಟ. ದ್ರೋಣಪರ್ವದಲ್ಲಿ, ಸೈಂಧವನ ವಧೆಯಾದ ದಿನ, ಆ ಕಟ್ಟಳೆ ಮುರಿಯಿತು. ಆನೆ, ಕುದುರೆ, ರಥಗಳಿಗೆಲ್ಲ ದೀವಟಿಗೆಗಳನ್ನು ಒದಗಿಸಿ ರಾತ್ರಿಯೆಲ್ಲ ಕಾದಿದರು. ಕರ್ಣನು ಅರ್ಜುನನಿಗಾಗಿ ಕಾದಿರಿಸಿದ್ದ ಶಕ್ತ್ಯಾಯುಧಕ್ಕೆ ಘಟೋತ್ಕಚ ಬಲಿಯಾದುದು ಆ ಇರುಳಿನಲ್ಲೇ. ಈ ಭಾಗವನ್ನು ಪಾಠ ಹೇಳುವಾಗಲೆಲ್ಲ ನಾನು ವಿದ್ಯಾರ್ಥಿಗಳ ಗಮನಕ್ಕೆ ಒಂದು ಸಂಗತಿಯನ್ನು ತರುತ್ತಿದ್ದೆ. ದೀವಟಿಗೆ ಹಿಡಿದವನು ಹಗೆಯನ್ನು ಕಾಣುತ್ತಾನೆ. ಹಗೆಯ ಕಣ್ಣಿಗೂ ಬೀಳುತ್ತಾನೆ. ಅರಕಲಗೂಡಿನ ಕಡೆ ಇರುಳು ಹೊಲ ಕಾಯುವ ರೈತನಿಗೆ ಟಾರ್ಚು ಹಚ್ಚಿದ ಗಳಿಗೆಯಲ್ಲಿ ಆಗುವ ಅನುಭವವೂ ಇದೇ. ಬೆಳಕಿನ ಈ ನ್ಯಾಯ ನಮ್ಮ ಕಾಲದಲ್ಲಿ ತಪ್ಪಿಹೋಯಿತು. ಅದು ತಪ್ಪಿದ ಬಗೆಯನ್ನೂ, ಆ ಬಳಿಕ ಮನುಷ್ಯನ ಹೊಣೆ ಏನಾಯಿತೆಂಬುದನ್ನೂ ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

1971ರ ಡಿಸೆಂಬರ್ 4ರ ರಾತ್ರಿ ರಾಜಸ್ಥಾನದ ಲೋಂಗೇವಾಲಾ ಠಾಣೆಯ ಮೇಲೆ ಪಾಕಿಸ್ತಾನದ ಟ್ಯಾಂಕುಗಳು ಏರಿಬಂದವು. ಅಲ್ಲಿದ್ದವರು ಪಂಜಾಬ್ ರೆಜಿಮೆಂಟಿನ ಸುಮಾರು 120 ಮಂದಿ. ಅವರ ನಾಯಕ ಮೇಜರ್ ಕುಲದೀಪ್ ಸಿಂಗ್ ಚಾಂದಪುರಿ. ಜೈಸಲ್ಮೇರಿನಲ್ಲಿ ನಮ್ಮ ವಾಯುಪಡೆಯ ಹಂಟರ್ ವಿಮಾನಗಳು ಸಿದ್ಧವಾಗಿದ್ದವು. ಆದರೆ ಇರುಳಿನಲ್ಲಿ ಹೋರಾಡುವ ಸಲಕರಣೆ ಅವುಗಳಿಗಿರಲಿಲ್ಲ. ಬೆಳಕು ಹರಿಯುವವರೆಗೆ ಆ ಯೋಧರು ತಮ್ಮ ಬಲವೊಂದನ್ನೇ ನೆಚ್ಚಿ ನೆಲ ಕಚ್ಚಿ ನಿಂತರು. ಮೂಡಲು ಕೆಂಪೇರಿದೊಡನೆ ವಿಮಾನಗಳು ಬಂದು ಬಯಲಿನಲ್ಲಿದ್ದ ಟ್ಯಾಂಕುಗಳನ್ನು ಒಂದೊಂದಾಗಿ ಬೇಟೆಯಾಡಿದವು. ಅಂದು ಸೂರ್ಯೋದಯಕ್ಕೆ ಅಷ್ಟೊಂದು ಬೆಲೆಯಿತ್ತು.

ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಸ್ಥಿತಿ ತಲೆಕೆಳಗಾಯಿತು. 1991ರ ಜನವರಿ 17ರ ನಸುಕಿಗೆ ಬಹಳ ಮುಂಚೆ, ಅಮೆರಿಕದ ಅಪಾಚೆ ಹೆಲಿಕಾಪ್ಟರುಗಳು ದೀಪವಾರಿಸಿ, ರೇಡಿಯೋ ಮಾತು ನಿಲ್ಲಿಸಿ, ಮರಳಿಗೆ ತಾಗುವಷ್ಟು ತಗ್ಗಿನಲ್ಲಿ ಇರಾಕಿನೊಳಕ್ಕೆ ನುಗ್ಗಿದವು. ಉಪಗ್ರಹಗಳ ನೆರವಿನಿಂದ ದಾರಿ ಕಾಣಬಲ್ಲ ದೊಡ್ಡ ಹೆಲಿಕಾಪ್ಟರುಗಳು ಮುಂದಾಳಾಗಿದ್ದವು. 2 ಗಂಟೆ 38 ನಿಮಿಷಕ್ಕೆ ಎರಡು ರಾಡಾರ್ ನೆಲೆಗಳ ಮೇಲೆ ಕ್ಷಿಪಣಿಗಳು ಬಿದ್ದವು. ಕೊಲ್ಲಿ ಯುದ್ಧದ ಮೊದಲ ಹೊಡೆತ ಅದು. ಇರುಳು ಕಳೆಯಲೆಂದು ಈ ಯೋಧರು ಕಾಯಬೇಕಾಗಿರಲಿಲ್ಲ; ಅವರು ಹೊರಡುವುದಕ್ಕೆ ಇರುಳೇ ಬೇಕಾಗಿತ್ತು.

ಅವರು ಕಂಡುದು ಹೇಗೆ? ಆ ಯಂತ್ರದ ಮೂಗಿನ ತುದಿಯಲ್ಲಿ ಶಾಖವನ್ನು ನೋಡುವ ಒಂದು ಕಣ್ಣಿದೆ. ಮರಳುಗಾಡಿನಲ್ಲಿ ಹೊತ್ತು ಮುಳುಗಿದ ಮೇಲೆ ಮರಳು ಬೇಗ ತಣಿಯುತ್ತದೆ; ಓಡುತ್ತಿರುವ ಟ್ಯಾಂಕಿನ ಎಂಜಿನ್ ಬಿಸಿಯಾಗಿಯೇ ಇರುತ್ತದೆ. ಈ ವ್ಯತ್ಯಾಸವೇ ಚಿತ್ರವಾಗಿ ಮೂಡುತ್ತದೆ. ಬೆಳಗು ಬೈಗುಗಳಲ್ಲಿ ಎರಡರ ಬಿಸಿ ಸರಿಸಮನಾಗುವ ಗಳಿಗೆಯಲ್ಲಿ ಚಿತ್ರ ಮಸಕಾಗುತ್ತದೆ. ಮುಂದೆ ಗುರಿಕಾರ, ಹಿಂದೆ ತುಸು ಎತ್ತರದಲ್ಲಿ ಚಾಲಕ, ಹೀಗೆ ಇಬ್ಬರ ಆಸನ. ಚಾಲಕನ ಶಿರಸ್ತ್ರಾಣದಿಂದ ಬಲಗಣ್ಣಿನ ಮುಂದೆ ಒಂದು ಚಿಕ್ಕ ಗಾಜು ಇಳಿದಿರುತ್ತದೆ. ಯಂತ್ರ ಕಂಡದ್ದೆಲ್ಲ ಅದರ ಮೇಲೆ. ಎಡಗಣ್ಣು ಮಾತ್ರ ಎದುರಿನ ಫಲಕವನ್ನೂ ಹೊರಗಿನ ಕತ್ತಲೆಯನ್ನೂ ನೋಡಬೇಕು. ಅವನು ತಲೆ ತಿರುಗಿಸಿದತ್ತ ಮೂಗಿನ ಕಣ್ಣೂ ತಿರುಗುತ್ತದೆ. ಒಂದು ಕಣ್ಣಿಗೊಂದು ಲೋಕ, ಇನ್ನೊಂದಕ್ಕೆ ಮತ್ತೊಂದು. ಎರಡನ್ನೂ ಹೊಂದಿಸಿಕೊಂಡು, ರೆಕ್ಕೆಗಳು ಎಬ್ಬಿಸುವ ಧೂಳಿನ ನಡುವೆ, ಗಂಟೆಗಟ್ಟಲೆ ಹಾರಬೇಕು. ಇದು ಎಂಥ ದಣಿವಿನ ಕೆಲಸವೆಂಬುದನ್ನು ಊಹಿಸಬಹುದು.

ಇಷ್ಟು ಕಾಣುವವನಿಗೆ ತಪ್ಪು ಆಗಲಾರದೆಂದು ನಮಗೆ ತೋರುವುದು ಸಹಜ. ಆದರೆ ಬಿಸಿಯ ಚಿತ್ರ ಹೇಳುವುದು ಇಷ್ಟೇ: ಇಲ್ಲೊಂದು ಎಂಜಿನ್ ಇದೆ, ಅದು ಬಿಸಿಯಾಗಿದೆ. ಅದು ಯಾರದೆಂಬುದನ್ನು ಅದು ಹೇಳಲಾರದು. ಅದೇ ಯುದ್ಧದಲ್ಲಿ, ಫೆಬ್ರವರಿ 17ರ ಇರುಳು, ಒಂದು ಅಪಾಚೆಯಿಂದ ಹಾರಿದ ಕ್ಷಿಪಣಿಗಳು ಅಮೆರಿಕದವೇ ಆದ ಎರಡು ವಾಹನಗಳನ್ನು ಹೊಡೆದವು. ಗುರಿಯ ಸ್ಥಾನದ ಲೆಕ್ಕ ತಪ್ಪಿತ್ತು. ತಮ್ಮವರೇ ಇಬ್ಬರು ಸತ್ತರು, ಆರು ಮಂದಿ ಗಾಯಗೊಂಡರು. ಇದನ್ನು ಓದಿದಾಗ ನನಗೆ ಅಶ್ವತ್ಥಾಮನ ನೆನಪಾಯಿತು. ಕನ್ನಡದಲ್ಲಿ ಪ್ರಚಲಿತವಾದ ಕಥೆಯಲ್ಲಿ ಆತ ಪಾಂಡವರೆಂದೇ ಬಗೆದು ಮಲಗಿದ್ದ ಐವರು ಮಕ್ಕಳ ತಲೆಗಳನ್ನು ಕತ್ತರಿಸಿ ದುರ್ಯೋಧನನಿಗೆ ಒಪ್ಪಿಸುತ್ತಾನೆ. ಅವು ಯಾರ ತಲೆಗಳೆಂದು ಗುರುತಿಸಿದವನು ಸಾಯುತ್ತ ಬಿದ್ದಿದ್ದ ದುರ್ಯೋಧನ. ಅಶ್ವತ್ಥಾಮನ ಕೈಗೆ ಕತ್ತಲೆ ಅಡ್ಡಿಯಾಗಲಿಲ್ಲ. ಅವನಿಗೆ ಒದಗದೆ ಹೋದದ್ದು ಗುರುತು. ಯಂತ್ರದ ಕಣ್ಣು ಕತ್ತಲೆಯನ್ನು ಗೆದ್ದಿದೆ, ನಿಜ. ಹಿಂದಿನವರು ಇರುಳು ಯುದ್ಧ ಬೇಡವೆಂದು ಹೇಳಿದ ಕಾರಣ ಮಾತ್ರ ಹಾಗೆಯೇ ಉಳಿದಿದೆ.

ಇದೆಲ್ಲ ಎಲ್ಲಿಯೋ ದೂರದ ಮಾತು, ಹಾಸನ ಹೊಳೆನರಸೀಪುರಗಳಲ್ಲಿ ಕುಳಿತ ನಮಗೇಕೆ ಎಂದು ಕೇಳಬಹುದು. ದೂರದ ಮಾತೇನೂ ಅಲ್ಲ. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆ ರೂಪಿಸಿದ ಲಘು ಯುದ್ಧ ಹೆಲಿಕಾಪ್ಟರ್ 2010ರ ಮಾರ್ಚ್ 29ರಂದು ಮೊದಲು ಹಾರಿತು. 2022ರ ಅಕ್ಟೋಬರ್ 3ರಂದು, ಮರಳುಗಾಡಿನ ಅಂಚಿನ ಜೋಧಪುರದಲ್ಲಿ, ಅದು 'ಪ್ರಚಂಡ' ಎಂಬ ಹೆಸರಿನಿಂದ ವಾಯುಪಡೆಯನ್ನು ಸೇರಿತು. ಅದರ ಎಂಜಿನ್ನಿನ ಹೆಸರು, ಘಟೋತ್ಕಚನನ್ನು ಕೊಂದ ಆಯುಧದ್ದೇ: ಶಕ್ತಿ. 2025ರ ಮಾರ್ಚ್‌ನಲ್ಲಿ ಇಂಥ 156 ಯಂತ್ರಗಳಿಗೆ ಒಪ್ಪಂದವಾಯಿತು. ಅವುಗಳನ್ನು ಕಟ್ಟುವುದು ಬೆಂಗಳೂರಿನಲ್ಲಿ ಮತ್ತು ತುಮಕೂರು ಜಿಲ್ಲೆಯ ಗುಬ್ಬಿಯ ಬಳಿ ಎಂದು ನಿಶ್ಚಯವಾಗಿದೆ. ಚನ್ನರಾಯಪಟ್ಟಣದಿಂದ ತಿಪಟೂರಿನ ಮೇಲೆ ಹೋದರೆ ಗುಬ್ಬಿ ಅರ್ಧ ದಿನದ ದಾರಿಯೂ ಅಲ್ಲ.

ಇನ್ನೂ ಹತ್ತಿರದ ಸಂಗತಿ ಹಾಸನದ ಸಾಲಗಾಮೆ ರಸ್ತೆಯಲ್ಲಿದೆ. ಉಪಗ್ರಹಗಳ ಪ್ರಧಾನ ನಿಯಂತ್ರಣ ಕೇಂದ್ರ ಅಲ್ಲಿ 1982ರಿಂದ ಕೆಲಸ ಮಾಡುತ್ತಿದೆ. 2013ರ ಜುಲೈ 1ರಂದು ಹಾರಿದ, ಭೂಮಿಯ ಮೇಲಿನ ಸ್ಥಾನವನ್ನು ತಿಳಿಸಲು ನಾವೇ ಕಟ್ಟಿದ ಮೊದಲ ಉಪಗ್ರಹವನ್ನೂ, 2018ರ ಡಿಸೆಂಬರ್ 19ರಂದು ಹಾರಿದ, ವಾಯುಪಡೆಯ ಸಂಪರ್ಕಕ್ಕೆ ನೆರವಾಗುವ ಜಿಸ್ಯಾಟ್-7ಎ ಉಪಗ್ರಹವನ್ನೂ ಕಕ್ಷೆಯಲ್ಲಿ ನೆಲೆಗೊಳಿಸಿದವರು ಇಲ್ಲಿಯವರು. 1991ರ ಆ ಫೆಬ್ರವರಿಯ ಇರುಳು ತಪ್ಪಿದುದು ಸ್ಥಾನದ ಲೆಕ್ಕವೆಂಬುದನ್ನು ಇಲ್ಲಿ ನೆನೆಯಬೇಕು. 'ನಾನೆಲ್ಲಿದ್ದೇನೆ, ಎದುರಿನವನು ಎಲ್ಲಿದ್ದಾನೆ' ಎಂಬ ಪ್ರಶ್ನೆಗೆ ಆಕಾಶದಿಂದ ಬರುವ ಉತ್ತರದ ಹಿಂದೆ, ನಮ್ಮ ಊರಿನಲ್ಲಿ ನಿದ್ದೆಗೆಟ್ಟು ಕುಳಿತವರ ಎಚ್ಚರವೂ ಸೇರಿದೆ.

ಆ ಎಚ್ಚರವಾದರೂ ಸ್ಥಾನವನ್ನಷ್ಟೇ ತಿಳಿಸೀತು. ಅಲ್ಲಿರುವವನು ಕೊಲ್ಲತಕ್ಕವನೇ, ಬಿಡತಕ್ಕವನೇ ಎಂಬುದನ್ನು ಯಂತ್ರದೊಳಗಿನ ಆ ಇಬ್ಬರು ಕೆಲವೇ ಕ್ಷಣಗಳಲ್ಲಿ ತೀರ್ಮಾನಿಸಬೇಕು. ನಮ್ಮ ತಾಲ್ಲೂಕುಗಳ ಶಾಲೆಗಳಿಂದ ಹೊರಟ ಮಕ್ಕಳು ನಾಳೆ ಆ ಯಂತ್ರಗಳನ್ನು ಕಟ್ಟಿಯಾರು, ನಡೆಸಿಯಾರು. ಅವರಿಗೆ ಗಣಿತವನ್ನೂ ವಿಜ್ಞಾನವನ್ನೂ ಚೆನ್ನಾಗಿ ಕಲಿಸೋಣ. ಜೊತೆಗೆ ಆ ಐವರು ಮಕ್ಕಳ ಕಥೆಯನ್ನೂ ಓದಿಸೋಣ. ಗುಂಡಿಯ ಮೇಲೆ ಬೆರಳಿಟ್ಟಾಗ ಒಂದು ಕ್ಷಣ ತಡೆಯಬಲ್ಲ ಮನಸ್ಸು ಅವರಲ್ಲಿ ಬೆಳೆಯಬೇಕಾದರೆ ಅದೂ ಬೇಕು.

(ಆಕಾಶವಾಣಿ ಭಾಷಣ)