ಅಪ್ಪನ ತಂಡ, ನನ್ನ ತಂಡ, ಮಗನ ತಂಡ

(ಮಹಿಳಾ ವೇದಿಕೆಯ ತಿಂಗಳ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಲಿಖಿತ ರೂಪ)

ವೇದಿಕೆಯ ಮೇಲಿರುವ ಹಿರಿಯರಿಗೆ, ಮಹಿಳಾ ವೇದಿಕೆಯ ಅಕ್ಕತಂಗಿಯರಿಗೆ, ಹಿಂದಿನ ಸಾಲಿನಲ್ಲಿ ಕೂತು ಊಟದ ಹೊತ್ತಿಗೆ ಕಾಯುತ್ತಿರುವ ಯಜಮಾನರಿಗೂ ನಮಸ್ಕಾರ.

ಈ ತಿಂಗಳ ವಿಷಯ ‘ನಿಷ್ಠೆ’ ಎಂದು ಅಧ್ಯಕ್ಷೆಯವರು ಫೋನಿನಲ್ಲಿ ಹೇಳಿದಾಗ, ನಾನು ಶಬರಿಯ ಬಗ್ಗೆಯೋ ಸಾವಿತ್ರಿಯ ಬಗ್ಗೆಯೋ ಮಾತಾಡುತ್ತೇನೆ ಎಂದು ಅವರು ಎಣಿಸಿದ್ದಿರಬೇಕು. ಫುಟ್‌ಬಾಲ್ ಬಗ್ಗೆ ಮಾತಾಡ್ತೀನಿ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, “ಆಗ್ಲಿ ಬಿಡ್ರಿ, ಇಪ್ಪತ್ತೇ ನಿಮಿಷ ತಾನೆ” ಅಂದರು. ಅವರಿಗೆ ಮೊದಲು ಧನ್ಯವಾದ.

ನನಗೆ ಆಟ ಆಡಿ ಗೊತ್ತಿಲ್ಲ. ಆದರೆ ಒಂದು ತಂಡವನ್ನು ನಮ್ಮದು ಎಂದುಕೊಂಡವರ ಮನೆಯಲ್ಲಿ ಹುಟ್ಟಿ ಬೆಳೆದವಳು. ಆ ಜನರಲ್ಲಿ ಒಂದು ಕಟ್ಟಳೆ ಇದೆ. ಕೆಲಸ ಬಿಡಬಹುದು, ಊರು ಬಿಡಬಹುದು, ಪಕ್ಷ ಬದಲಾಯಿಸಬಹುದು, ತಂಡ ಮಾತ್ರ ಬದಲಾಯಿಸುವ ಹಾಗಿಲ್ಲ. ಗೆದ್ದರೂ ಅದೇ, ಹತ್ತು ವರ್ಷ ಸೋತರೂ ಅದೇ. ಬದಲಾಯಿಸಿದವನು ಅಭಿಮಾನಿಯೇ ಅಲ್ಲ, ಗೆದ್ದೆತ್ತಿನ ಬಾಲ ಹಿಡಿಯುವವನು. ಈ ಕಟ್ಟಳೆ ಎಷ್ಟರ ಮಟ್ಟಿಗೆ ಸರಿ ಎನ್ನುವುದೇ ಇವತ್ತಿನ ನನ್ನ ಮಾತು.

ನಮ್ಮ ಅಪ್ಪ ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ಇದ್ದರು. ಟೆಲಿಫೋನ್ ತಯಾರಾಗುತ್ತಿದ್ದ ಐಟಿಐ, ದೂರವಾಣಿನಗರ. ಆ ಕಾಲದಲ್ಲಿ ಬೆಂಗಳೂರಿನ ಫುಟ್‌ಬಾಲ್ ಅಂದರೆ ಕಾರ್ಖಾನೆ ತಂಡಗಳದ್ದೇ ಫುಟ್‌ಬಾಲ್: ಐಟಿಐ, ಎಚ್‌ಎಎಲ್. ಆಟಗಾರ ಅಂದರೆ ಪಕ್ಕದ ಶೆಡ್ಡಿನಲ್ಲಿ ಹಾಜರಿ ಹಾಕಿ, ಮಧ್ಯಾಹ್ನ ಅದೇ ಕ್ಯಾಂಟೀನಿನಲ್ಲಿ ಅನ್ನ ಸಾಂಬಾರು ತಿನ್ನುವವನು. 1977ರಲ್ಲಿ ಎರ್ನಾಕುಲಂನಲ್ಲಿ ಮೊಟ್ಟಮೊದಲ ಫೆಡರೇಷನ್ ಕಪ್ ನಡೆಯಿತು. ಫೈನಲ್‌ನಲ್ಲಿ ಐಟಿಐ ತಂಡ ಕಲ್ಕತ್ತದ ಮೋಹನ್ ಬಾಗಾನ್ ಅನ್ನು 1-0ಯಿಂದ ಸೋಲಿಸಿತು. ನಾನು ಇನ್ನೂ ಹುಟ್ಟಿರಲಿಲ್ಲ. ಆದರೂ ಆ ಒಂದು ಗೋಲನ್ನು ಅಪ್ಪ ಹೇಳಿರುವಷ್ಟು ಸಲ ಯಾವ ಹರಿದಾಸರೂ ಕಥೆ ಹೇಳಿರಲಿಕ್ಕಿಲ್ಲ.

ಮುಂದೆ ಆದದ್ದು ನಿಮಗೂ ಗೊತ್ತು. ಟೆಲಿಫೋನಿನ ಕಾಲ ಮುಗಿಯಿತು, ಕಾರ್ಖಾನೆ ಸೊರಗಿತು, ತಂಡದ ಹೆಸರು ದೊಡ್ಡ ಪಂದ್ಯಗಳಿಂದ ಮರೆಯಾಯಿತು. ನಮ್ಮ ಮುಂಬೈಯಲ್ಲೂ ಹೀಗೇ ಆಗಿದೆ. ಮಹೀಂದ್ರ ಯುನೈಟೆಡ್ ಎಂಬ ಒಳ್ಳೆಯ ತಂಡವನ್ನು ಕಂಪನಿಯೇ 2010ರಲ್ಲಿ ಮುಚ್ಚಿತು. ಕೂಪರೇಜ್ ಮೈದಾನಕ್ಕೆ ಅದಕ್ಕಾಗಿಯೇ ಹೋಗುತ್ತಿದ್ದವರ ನಿಷ್ಠೆ ಏನಾಗಬೇಕು? ಅಂಗಡಿ ಮುಚ್ಚಿದ ಮೇಲೆ ಖಾತೆ ಪುಸ್ತಕ ಇಟ್ಟುಕೊಂಡು ಏನು ಮಾಡುವುದು?

2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು. ಕಟ್ಟಿದವರು ಮುಂಬೈಯ ಜೆಎಸ್‌ಡಬ್ಲ್ಯು ಕಂಪನಿಯವರು, ಅದು ಬೇರೆ ಮಾತು. ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಊರಿಗೆ ಊರೇ ನೀಲಿ ಅಂಗಿ ಹಾಕಿತು. ನನಗೆ ಮದುವೆಯಾಗಿ ಮುಂಬೈಗೆ ಬಂದು ಆಗಲೇ ಹತ್ತು ವರ್ಷ. ಆದರೂ ಆ ಹೆಸರು ಕೇಳಿದ್ದೇ ತಡ, ನನ್ನ ತಂಡ ಅದೇ ಅಂದುಕೊಂಡೆ. ಅಪ್ಪನಿಗೆ ಫೋನ್ ಮಾಡಿ, “ಈಗ ನಿಮಗೂ ಒಂದು ಟೀಮ್ ಆಯ್ತಲ್ಲ” ಅಂದೆ. ಅಪ್ಪ ಸಿಟ್ಟು ಮಾಡಿಕೊಳ್ಳಲಿಲ್ಲ. “ಚೆನ್ನಾಗಿ ಆಡ್ತಾರಮ್ಮ. ಆದ್ರೆ ನನಗೆ ಟೀಮ್ ಇದೆ. ಈಗ ಆಡ್ತಾ ಇಲ್ಲ, ಅಷ್ಟೇ” ಅಂದರು.

ನಾನು ಕಂಡ ನಿಷ್ಠೆಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿಲ್ಲ. ಆದರೆ ಎಲ್ಲರೂ ಹೀಗೆಯೇ ಇರಬೇಕು ಎಂದು ಹೇಳಲು ನಾನು ತಯಾರಿಲ್ಲ. ಅಪ್ಪ ಹುಟ್ಟಿದ ಊರಲ್ಲೇ ಕೆಲಸ ಮಾಡಿ, ಅಲ್ಲೇ ನಿವೃತ್ತರಾದವರು. ಅವರ ಕಾಲಡಿಯ ನೆಲ ಯಾವತ್ತೂ ಬದಲಾಗಲಿಲ್ಲ.

ಇಂಗ್ಲೆಂಡಿನ ಒಂದು ಕಥೆ ಹೇಳಬೇಕು. ಇದನ್ನು ನನಗೆ ಮೊದಲು ಹೇಳಿದವನು ನನ್ನ ಮಗ. ಆಮೇಲೆ ನಾನೇ ಹುಡುಕಿ ಹುಡುಕಿ ಓದಿದೆ. ಲಂಡನ್ನಿನ ದಕ್ಷಿಣಕ್ಕೆ ವಿಂಬಲ್ಡನ್ ಇದೆ. ನಮಗೆ ಟೆನ್ನಿಸ್ಸಿನಿಂದ ಗೊತ್ತಿರುವ ಊರು. ಅಲ್ಲಿ 1889ರಿಂದ ಒಂದು ಫುಟ್‌ಬಾಲ್ ಕ್ಲಬ್ ಇತ್ತು. ಸಣ್ಣ ಕ್ಲಬ್, ಬಹಳ ವರ್ಷ ಕೆಳಗಿನ ಲೀಗುಗಳಲ್ಲೇ ಆಡಿದ್ದು. 1988ರಲ್ಲಿ ಅದು ಎಫ್‌ಎ ಕಪ್ ಫೈನಲ್‌ನಲ್ಲಿ, ಆಗ ಎಲ್ಲರನ್ನೂ ಮಣಿಸುತ್ತಿದ್ದ ಲಿವರ್‌ಪೂಲ್ ತಂಡವನ್ನು 1-0ಯಿಂದ ಸೋಲಿಸಿಬಿಟ್ಟಿತು. 1991ರಲ್ಲಿ ಪ್ಲೌ ಲೇನ್ ಎಂಬ ತನ್ನ ಹಳೆಯ ಮೈದಾನ ಬಿಟ್ಟು ಬೇರೆ ಕ್ಲಬ್ಬಿನ ಮೈದಾನದಲ್ಲಿ ಬಾಡಿಗೆಗೆ ಆಡತೊಡಗಿತು. ಕೊನೆಗೆ ಮಾಲೀಕರು ಕ್ಲಬ್ಬನ್ನೇ ಮಿಲ್ಟನ್ ಕೀನ್ಸ್ ಎಂಬ ಹೊಸ ಪಟ್ಟಣಕ್ಕೆ ಒಯ್ಯುತ್ತೇವೆ ಅಂದರು. ಅದು ಅಲ್ಲಿಂದ ಸುಮಾರು 90 ಕಿಲೋಮೀಟರ್ ದೂರ. ಅಭಿಮಾನಿಗಳು ಬೀದಿಗಿಳಿದರು, ಅರ್ಜಿ ಹಾಕಿದರು. 2002ರ ಮೇ 28ರಂದು ಮೂವರ ಆಯೋಗ ಇಬ್ಬರ ಬಹುಮತದಿಂದ ಸ್ಥಳಾಂತರಕ್ಕೆ ಒಪ್ಪಿಗೆ ಕೊಟ್ಟಿತು.

ಈಗ ಹೇಳಿ, ನಿಷ್ಠಾವಂತ ಅಭಿಮಾನಿ ಏನು ಮಾಡಬೇಕು? ಕಟ್ಟಳೆಯ ಪ್ರಕಾರ ತಂಡದ ಹಿಂದೆ ಹೋಗಬೇಕು. ಆಟಗಾರರು ಅಲ್ಲಿ, ನೋಂದಣಿ ಅಲ್ಲಿ, ಲೀಗಿನ ಸ್ಥಾನವೂ ಅಲ್ಲಿ. ವಿಂಬಲ್ಡನ್ನಿನ ಬಹುಪಾಲು ಅಭಿಮಾನಿಗಳು ಹೋಗಲಿಲ್ಲ. ಕೆಲವೇ ವಾರಗಳಲ್ಲಿ ತಾವೇ ಎಎಫ್‌ಸಿ ವಿಂಬಲ್ಡನ್ ಎಂದು ಹೊಸ ಕ್ಲಬ್ ಕಟ್ಟಿದರು. ಊರ ಬಯಲಿನಲ್ಲಿ ಆಯ್ಕೆ ಶಿಬಿರ ಇಟ್ಟರೆ ಇನ್ನೂರಕ್ಕೂ ಹೆಚ್ಚು ಹುಡುಗರು ಬೂಟು ಹಿಡಿದುಕೊಂಡು ಬಂದರು. ಜುಲೈ 10ರಂದು ಮೊದಲ ಸ್ನೇಹಪಂದ್ಯ. 4-0ಯಿಂದ ಸೋತರು! ನೋಡಲು ಬಂದವರು ನಾಲ್ಕು ಸಾವಿರಕ್ಕೂ ಹೆಚ್ಚು ಜನ. ಕೆಳಗಿನ ಕೆಳಗಿನ ಲೀಗಿನಿಂದ ಶುರುಮಾಡಿ, 2011ರಲ್ಲಿ ಮತ್ತೆ ದೊಡ್ಡ ಲೀಗಿನ ಮೆಟ್ಟಿಲು ಹತ್ತಿದರು. 2020ರ ನವೆಂಬರಿನಲ್ಲಿ ಹಳೆಯ ಮೈದಾನದ ಹತ್ತಿರವೇ, ಪ್ಲೌ ಲೇನ್‌ನಲ್ಲಿ, ಸ್ವಂತ ಮೈದಾನ ಕಟ್ಟಿಕೊಂಡು ಊರಿಗೆ ಮರಳಿದರು. ಕೊರೊನಾ ಕಾಲ, ಮೊದಲ ಪಂದ್ಯಕ್ಕೆ ಪ್ರೇಕ್ಷಕರನ್ನೇ ಬಿಡಲಿಲ್ಲ. ಹದಿನೆಂಟು ವರ್ಷ ದುಡಿದು ಕಟ್ಟಿದ ಮನೆಯ ಗೃಹಪ್ರವೇಶವನ್ನು ಫೋನಿನಲ್ಲಿ ನೋಡಿದ ಹಾಗಾಯಿತು.

ಆ ಕಡೆ ಹೋದ ಕ್ಲಬ್ ಎಂಕೆ ಡಾನ್ಸ್ ಎಂದು ಹೆಸರು ಬದಲಾಯಿಸಿಕೊಂಡಿತು. 2007ರಲ್ಲಿ ಹಳೆಯ ಟ್ರೋಫಿಗಳನ್ನು ವಿಂಬಲ್ಡನ್ ಇರುವ ಮರ್ಟನ್ ಪ್ರದೇಶದ ಆಡಳಿತಕ್ಕೆ ಒಪ್ಪಿಸಿತು. ಅಂದರೆ 1988ರ ಕಪ್ಪಿನ ನೆನಪು ತಮ್ಮದಲ್ಲ, ಬಿಟ್ಟು ಬಂದ ಊರಿನದು ಎಂದು ಅವರೇ ಒಪ್ಪಿಕೊಂಡಂತಾಯಿತು. ಹಾಗಾದರೆ ಇಲ್ಲಿ ತಂಡ ಬದಲಾಯಿಸಿದವರು ಯಾರು? ಕಾಗದದ ಪ್ರಕಾರ ಅಭಿಮಾನಿಗಳು. ನನ್ನನ್ನು ಕೇಳಿದರೆ, ತಂಡವೇ ಅಭಿಮಾನಿಗಳನ್ನು ಬದಲಾಯಿಸಿತು.

ನಮ್ಮ ದೇಶದಲ್ಲೇ ನೋಡಿ. 2020ರಲ್ಲಿ ಮೋಹನ್ ಬಾಗಾನ್ ಫುಟ್‌ಬಾಲ್ ತಂಡ ಎಟಿಕೆ ಜೊತೆ ಸೇರಿ, ಹೆಸರಿನ ಮುಂದೆ ಆ ಮೂರಕ್ಷರ ಅಂಟಿಕೊಂಡಿತು. ನೂರು ವರ್ಷ ದಾಟಿದ ಹೆಸರಿಗೆ ಹೀಗೆ ಮಾಡಿದ್ದು ಬಂಗಾಳಿಗಳಿಗೆ ಸಹಿಸಲಾಗಲಿಲ್ಲ. ಅವರು ತಂಡ ಬಿಡಲಿಲ್ಲ, ಆ ಮೂರಕ್ಷರ ಬಿಡಿಸಿ ಎಂದು ವರ್ಷಗಟ್ಟಲೆ ಹಟ ಹಿಡಿದರು. 2023ರ ಮಾರ್ಚಿನಲ್ಲಿ ಐಎಸ್‌ಎಲ್ ಫೈನಲ್ ಗೆದ್ದ ರಾತ್ರಿ ಮಾಲೀಕರು ಹೆಸರು ಬದಲಾವಣೆ ಘೋಷಿಸಿದರು. ಸೋತದ್ದು ನಮ್ಮ ಬೆಂಗಳೂರು, ಅದೂ ಪೆನಾಲ್ಟಿಯಲ್ಲಿ. ಆ ರಾತ್ರಿ ಅವರ ಸಂಭ್ರಮದಲ್ಲಿ ಪಾಲುಗೊಳ್ಳುವಷ್ಟು ದೊಡ್ಡ ಮನಸ್ಸು ನನ್ನದಿರಲಿಲ್ಲ ಬಿಡಿ.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ, ಹೆಂಗಸರ ವಿಷಯಕ್ಕೆ.

ಜೀವಮಾನವೆಲ್ಲ ಒಂದೇ ತಂಡ ಎಂದು ಎದೆ ತಟ್ಟಿ ಹೇಳುವವರನ್ನು ಗಮನಿಸಿದ್ದೀರಾ? ಹೆಚ್ಚಿನವರು ಗಂಡಸರು. ಹುಟ್ಟಿದ ಮನೆಯಲ್ಲೇ, ಇಲ್ಲವೇ ಅದರ ಆಸುಪಾಸಿನಲ್ಲೇ, ಅದೇ ಅಡ್ಡಹೆಸರಿನಲ್ಲಿ, ಅದೇ ಮನೆದೇವರಿಗೆ ಕೈಮುಗಿದುಕೊಂಡು ಇರುವವರು. ನಾನು ಮುದ್ದೆ ತಿಂದು ಬೆಳೆದವಳು, ಧಾರವಾಡ ಕಡೆಯ ಮನೆಗೆ ಸೊಸೆಯಾಗಿ ಬಂದು ರೊಟ್ಟಿ ಬಡಿಯಲು ಕಲಿತೆ. “ಮಾಡ್ತೀನಿ” ಅನ್ನುತ್ತಿದ್ದ ಬಾಯಿಗೆ “ಮಾಡ್ತೇನ್ರಿ” ಬಂತು. ಗೌರಿ ಹಬ್ಬದ ಪದ್ಧತಿ ಬದಲಾಯಿತು, ರೇಷನ್ ಕಾರ್ಡಿನ ಊರು ಬದಲಾಯಿತು. ಇದೆಲ್ಲ ಬದಲಾಯಿಸಿಕೊಂಡಾಗ ಎಲ್ಲರೂ ಒಳ್ಳೆಯ ಸೊಸೆ ಅಂದರು. ಇಷ್ಟನ್ನು ಬದಲಾಯಿಸುವುದೇ ಗುಣ ಎಂದು ನಮಗೆ ಕಲಿಸಿದ ಲೋಕವೇ, ಒಂದು ಫುಟ್‌ಬಾಲ್ ಅಂಗಿಯ ಬಣ್ಣ ಬದಲಾಯಿಸಿದರೆ ದ್ರೋಹ ಅನ್ನುತ್ತದೆ. ನಗು ಬರುವುದಿಲ್ಲವೇ?

ನಾನು ಆ ಒಂದನ್ನು ಮಾತ್ರ ಬದಲಾಯಿಸಿಲ್ಲ. ಬಹುಶಃ ಬಾಕಿ ಎಲ್ಲ ಬದಲಾದದ್ದಕ್ಕೇ ಅದು ಉಳಿದಿರಬೇಕು. ನಮ್ಮ ಅತ್ತೆಯವರು, ಪಾಪ, ಟಿವಿ ಮುಂದೆ ನಾನು ಕೂಗುವುದನ್ನು ನೋಡಿ, “ಈಕಿ ತವರಮನಿ ಮ್ಯಾಚ್ ಐತಿ, ಚಾ ಇವತ್ತ ನಾ ಮಾಡ್ತೇನಿ” ಅನ್ನುತ್ತಿದ್ದರು.

ಕಷ್ಟ ಬಂದದ್ದು ಮಗನಿಂದ. ಅವನು ಹುಟ್ಟಿದ್ದು ಇಲ್ಲೇ. 2018ರ ಜೂನ್‌ನಲ್ಲಿ ಅಂಧೇರಿಯ ಕ್ರೀಡಾಂಗಣದಲ್ಲಿ ಭಾರತದ ಪಂದ್ಯಕ್ಕೆ ಎರಡೂವರೆ ಸಾವಿರ ಜನ ಮಾತ್ರ ಬಂದಿದ್ದರು. ಆಗ ಸುನಿಲ್ ಛೇತ್ರಿ ವಿಡಿಯೊ ಮಾಡಿ, ಬನ್ನಿ, ಬಯ್ಯುವುದಾದರೂ ಬಂದು ಬಯ್ಯಿರಿ ಎಂದು ಕೇಳಿಕೊಂಡರು ನೋಡಿ, ಅದಾದ ಮೇಲಿನ ಕೀನ್ಯಾ ಪಂದ್ಯಕ್ಕೆ ಟಿಕೆಟ್ಟೆಲ್ಲ ಖಾಲಿ. ಅದು ಛೇತ್ರಿಯ ನೂರನೇ ಅಂತರರಾಷ್ಟ್ರೀಯ ಪಂದ್ಯ. ಮಳೆಯಲ್ಲಿ ನೆನೆಯುತ್ತ ನೋಡಿದೆವು, ಮಗನಿಗೆ ಹತ್ತು ವರ್ಷ. ಮುಂದಿನ ವರ್ಷ ಮಾರ್ಚ್ 17ರಂದು ಅದೇ ಮೈದಾನದಲ್ಲಿ ಐಎಸ್‌ಎಲ್ ಫೈನಲ್, ಬೆಂಗಳೂರು ಮತ್ತು ಗೋವಾ. 117ನೇ ನಿಮಿಷದಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲಿನಿಂದ ಬೆಂಗಳೂರು ಗೆದ್ದಿತು. ಮಗ ನನಗಿಂತ ಜೋರಾಗಿ ಕುಣಿದ. ಇನ್ನೇನು, ಇವನೂ ನಮ್ಮವನಾದ ಅಂದುಕೊಂಡೆ.

2021ರಲ್ಲಿ ಭೇಕೆ ಮುಂಬೈ ಸಿಟಿ ತಂಡಕ್ಕೆ ಬಂದರು. ಅವರು ಮುಂಬೈಯವರೇ. ಮಗನೂ ಆ ಕಡೆ ಹೋದ. ಶಾಲೆಯ ಗೆಳೆಯರೆಲ್ಲ ಅಲ್ಲೇ ಇದ್ದರು, ಮೈದಾನಕ್ಕೆ ರಿಕ್ಷಾದಲ್ಲಿ ಹೋಗಬಹುದು. ಬೆಂಗಳೂರಿನ ನಮ್ಮ ಚಿಕ್ಕಮ್ಮ, “ಕನ್ನಡದ ಹುಡುಗ ಮುಂಬೈ ಅಂಗಿ ಹಾಕ್ಕೊಂಡಿದ್ದಾನಲ್ಲೇ, ನೀನೇನು ಮಾಡ್ತಿದ್ದೆ?” ಎಂದು ಕೇಳಿದರು. ತಮಾಷೆಗೇ ಕೇಳಿದ್ದು, ಆದರೆ ಪೂರ್ತಿ ತಮಾಷೆಯಲ್ಲ. ಈ ಸಭಾಂಗಣದಲ್ಲಿ ಕೂತ ಎಷ್ಟೋ ತಾಯಂದಿರು ಬೇರೆ ಬೇರೆ ರೂಪದಲ್ಲಿ ಈ ಪ್ರಶ್ನೆ ಕೇಳಿಸಿಕೊಂಡಿದ್ದೀರಿ. ಮಗು ಮರಾಠಿಯಲ್ಲೇ ಜಗಳ ಆಡುತ್ತದಂತೆ, ರಜೆಗೆ ಊರಿಗೆ ಬರಲು ಒಲ್ಲೆ ಅನ್ನುತ್ತದಂತೆ.

2024ರಲ್ಲಿ ಭೇಕೆ ಮತ್ತೆ ಬೆಂಗಳೂರಿಗೆ ಹೋದರು. ಛೇತ್ರಿಯೂ ಹಿಂದೆ ಎರಡು ಋತು ಮುಂಬೈ ಸಿಟಿಗೆ ಆಡಿ ಹೋದವರೇ. ಆಟಗಾರನಿಗೆ ಅದು ನೌಕರಿ, ಬದಲಿ ಆಗುತ್ತದೆ. ಮಗನೂ ಈಗ ವಾಪಸ್ ಬರುತ್ತಾನೆ ಎಂದು ನಾನು ಕಾದೆ. ಬರಲಿಲ್ಲ. 2025ರ ಮಾರ್ಚ್ 29ರಂದು ಕಂಠೀರವದಲ್ಲಿ ಬೆಂಗಳೂರು ಮುಂಬೈಯನ್ನು 5-0ಯಿಂದ ಬಡಿದು ಹೊರಗೆ ಹಾಕಿತು. ಒಂದೇ ಸೋಫಾದ ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಅವನು. ಎರಡನೇ ಗೋಲಿನವರೆಗೆ ಕೂಗಿದೆ. ಆಮೇಲೆ ಬಾಯಿ ಬರಲಿಲ್ಲ. ಅವನು ಅಂಗಿ ತೆಗೆಯಲಿಲ್ಲ, ಟಿವಿ ಆರಿಸಲಿಲ್ಲ, ಕೊನೆಯ ನಿಮಿಷದವರೆಗೆ ಕೂತ.

ಆಗಲೇ ಅಪ್ಪನ ಫೋನ್ ಬಂತು, ನನಗಲ್ಲ, ಅವನಿಗೆ. ಸ್ಪೀಕರಿನಲ್ಲಿ ಹಾಕಿದ. “ಏನೋ, ಟೀಮ್ ಬಿಡ್ತೀಯಾ?” ಎಂದು ತಾತ ಕೇಳಿದರು. “ಇಲ್ಲ ತಾತ” ಅಂದ. “ಹಂಗಾದ್ರೆ ನೀನು ನಮ್ಮ ಮನೆ ಹುಡುಗನೇ” ಅಂದು, ಐಟಿಐ 1977ರ ಗೋಲಿನ ಕಥೆ ಶುರುಮಾಡಿದರು.

ಚಿಕ್ಕಮ್ಮನಿಗೆ ಕೊಡಬೇಕಾದ ಉತ್ತರ ನನಗೆ ಅಲ್ಲಿ ಸಿಕ್ಕಿತು. ಗೆದ್ದವರ ಹಿಂದೆ ಓಡಿದರೆ ನಾನೂ ಒಪ್ಪುವುದಿಲ್ಲ, ಮಗನನ್ನು ನಾನೇ ತರಾಟೆಗೆ ತೆಗೆದುಕೊಳ್ಳುತ್ತಿದ್ದೆ. ಆದರೆ ಇವನು ತಂಡ ಬದಲಾಯಿಸಿದ್ದೇ ಅಲ್ಲ. ಹತ್ತು ವರ್ಷದ ಹುಡುಗ ಕುಣಿದದ್ದು ಅಮ್ಮನ ತಂಡಕ್ಕೆ. ಹದಿಮೂರಕ್ಕೆ ತನ್ನದನ್ನು ಆರಿಸಿಕೊಂಡ, ತಾನು ಹುಟ್ಟಿದ ಊರಿನದನ್ನು. ಅಪ್ಪ ಮಾಡಿದ್ದೂ ಅದನ್ನೇ.

ಈಗ ನಾವಿಬ್ಬರೂ ಅಂಧೇರಿಗೆ ಒಟ್ಟಿಗೇ ಹೋಗುತ್ತೇವೆ. ಬೆಂಗಳೂರು ಬಂದ ದಿನ ಗೇಟಿನ ಹತ್ತಿರ ಬೇರೆಯಾಗಿ, ನಾನು ನೀಲಿ ಅಂಗಿಯವರ ಕಡೆ ಕೂರುತ್ತೇನೆ. ಮುಂಬೈಯವರದೂ ನೀಲಿಯೇ, ಸ್ವಲ್ಪ ತಿಳಿ ನೀಲಿ. ಒಮ್ಮೆ ಟಿಕೆಟ್ ನೋಡುವವನು ಗೊಂದಲಕ್ಕೆ ಬಿದ್ದು, “ತಾಯಿ-ಮಗ ಒಂದೇ ಕಡೆ ಕೂರಿ ಮೌಸಿ” ಅಂದ. ಅವನಿಗೆ ಇಷ್ಟೆಲ್ಲ ವಿವರಿಸಲು ಸಮಯ ಇರಲಿಲ್ಲ.

ಪ್ರಶ್ನೆಗಳಿದ್ದರೆ ಕೇಳಿ. ಆಫ್‌ಸೈಡ್ ಅಂದರೇನು ಎಂದು ಮಾತ್ರ ಕೇಳಬೇಡಿ. ಹೇಳಲು ಹೊರಟರೆ ಹಿಂದಿನ ಸಾಲಿನವರ ಊಟ ಆರಿಹೋಗುತ್ತದೆ.